ಮೂಗು ಅಳೆಯುವ ಕನ್ನಡಿ

1

ಹದಿಹರೆಯದ ಮಕ್ಕಳನ್ನು ಮೊಬೈಲಿನಿಂದ ಕಾಪಾಡುವುದು ಹೇಗೆ ಎಂಬ ಮಾತು ಈಗ ಎಲ್ಲ ಕಡೆ ನಡೆಯುತ್ತಿದೆ. ಆಸ್ಟ್ರೇಲಿಯಾ 2024ರಲ್ಲಿ ಕಾನೂನು ಮಾಡಿ, 2025ರ ಡಿಸೆಂಬರ್ 10ರಿಂದ ಹದಿನಾರರೊಳಗಿನವರು ಇನ್‌ಸ್ಟಾಗ್ರಾಂನಂಥ ಜಾಲತಾಣಗಳಲ್ಲಿ ಖಾತೆ ಇಟ್ಟುಕೊಳ್ಳದ ಹಾಗೆ ಮಾಡಿತು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರ ವಿವರ ಮುಟ್ಟಬೇಕಾದರೆ ತಂದೆತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. ಮಕ್ಕಳ ಬೆನ್ನುಹತ್ತಿ ಜಾಹೀರಾತು ತೋರಿಸುವುದನ್ನೂ ತಡೆಯುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಭಯಕ್ಕೆ ಕಾರಣ ಇಲ್ಲದೆ ಇಲ್ಲ. 2021ರಲ್ಲಿ ಫೇಸ್‌ಬುಕ್ ಕಂಪೆನಿಯ ಒಳಗಿನ ಕಾಗದಪತ್ರಗಳು ಹೊರಗೆ ಬಂದವು. ತಮ್ಮ ಮೈಯ ಬಗ್ಗೆ ಬೇಸರದಲ್ಲಿದ್ದಾಗ ಇನ್‌ಸ್ಟಾಗ್ರಾಂ ಆ ಬೇಸರವನ್ನು ಇನ್ನಷ್ಟು ಹೆಚ್ಚಿಸಿತು ಎಂದು ಹದಿಹರೆಯದ ಹುಡುಗಿಯರಲ್ಲಿ ಶೇ. 32ರಷ್ಟು ಮಂದಿ ಹೇಳಿದ್ದು ಅದರಲ್ಲಿ ದಾಖಲಾಗಿತ್ತು. ಕಂಪೆನಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ವ್ಯಾಪಾರ ನಡೆಯಿತು.

ಇದೆಲ್ಲ ಸರಿಯೇ. ಆದರೆ ಈ ಚರ್ಚೆಯಲ್ಲಿ ಬರುವ 'ಮಗು' ಯಾರು ಎಂದು ಸ್ವಲ್ಪ ನಿಂತು ನೋಡಬೇಕು. ಆ ಮಗುವಿಗೆ ಜಾತಿ ಇಲ್ಲ, ಊರಿಲ್ಲ, ಚರ್ಮದ ಬಣ್ಣವೂ ಇಲ್ಲ. ಅದಕ್ಕೆ ತನ್ನದೇ ಒಂದು ಕೋಣೆ, ತನ್ನದೇ ಒಂದು ಫೋನು, ಅದನ್ನು ಕಾಯಲು ಇಂಗ್ಲಿಷ್ ಬಲ್ಲ ತಂದೆತಾಯಿ ಉಂಟು. ಬಿ.ಸಿ. ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಬಸ್ಸಿಗೆ ಕಾಯುವ ಪಿಯುಸಿ ಹುಡುಗಿ ಈ ಲೆಕ್ಕದೊಳಗೆ ಬರುವುದಿಲ್ಲ. ಅವಳ ಮನೆಯಲ್ಲಿರುವುದು ಅಮ್ಮ ಬೀಡಿ ಕಟ್ಟಿದ ದುಡ್ಡಿನಲ್ಲಿ ಬಂದ ಒಂದೇ ಮೊಬೈಲು. ಅದಕ್ಕೆ ಬರುವ ಒಟಿಪಿ ಓದಿ ಹೇಳುವವಳು ಅವಳೇ, ಗ್ಯಾಸ್ ಬುಕ್ ಮಾಡುವವಳು ಅವಳೇ, ತನ್ನ ಸ್ಕಾಲರ್‌ಶಿಪ್ಪಿನ ಅರ್ಜಿ ತುಂಬುವವಳೂ ಅವಳೇ. 'ಹೆತ್ತವರ ಒಪ್ಪಿಗೆ' ಎಂದು ಕಾನೂನು ಕೇಳಿದರೆ ಆ ಒಪ್ಪಿಗೆಯ ಬಟನ್ ಒತ್ತುವವಳೂ ಅವಳೇ ಅಲ್ವಾ? ಇಂಥ ಮನೆಗಳು ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಈ ಮೂರೂ ತಾಲೂಕುಗಳಲ್ಲಿ ಬೇಕಾದಷ್ಟಿವೆ.

ನನ್ನ ವಾದ ಇಷ್ಟೆ. ಮೈಯನ್ನು ನೋಡಿ ಮನುಷ್ಯನ ಬೆಲೆ ಕಟ್ಟುವ ನೋಟ ಈ ನೆಲದಲ್ಲಿ ಮೊಬೈಲಿಗಿಂತ ಬಹಳ ಮೊದಲೇ ಇತ್ತು. ಮೊಬೈಲು ಅದಕ್ಕೆ ಸಂತೆ ಒದಗಿಸಿತು. ಸಂತೆಯ ಬಾಗಿಲು ಹಾಕಿದರೆ ನೋಟ ಸಾಯುವುದಿಲ್ಲ. ಹಾಗಾಗಿ ನಮ್ಮ ಮಕ್ಕಳ ರಕ್ಷಣೆ ಬರಿಯ ಕಾನೂನಿನ ಕೆಲಸವಲ್ಲ, ವಿಮರ್ಶೆಯ ಕೆಲಸವೂ ಹೌದು.

2

ಈ ನೋಟಕ್ಕೆ ಬರೆದಿಟ್ಟ ಇತಿಹಾಸವೇ ಉಂಟು. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಮದ್ರಾಸ್ ಮ್ಯೂಸಿಯಂನ ಮುಖ್ಯಸ್ಥ ಎಡ್ಗರ್ ಥರ್ಸ್‌ಟನ್ ಊರೂರು ತಿರುಗಿ ಜನರ ತಲೆ, ಮೂಗು ಅಳೆಯುತ್ತಿದ್ದ. ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ 1909ರಲ್ಲಿ ಅವನು ತಂದ ಏಳು ಸಂಪುಟಗಳಲ್ಲಿ ನಮ್ಮ ಕೊರಗರೂ ಒಂದು ಬಾಬ್ತು. 1901ರ ಜನಗಣತಿಯ ಕಮಿಷನರ್ ಹರ್ಬರ್ಟ್ ರಿಸ್ಲಿ ಇದಕ್ಕೊಂದು ಸಿದ್ಧಾಂತವನ್ನೇ ಕಟ್ಟಿದ್ದ. ಮೂಗಿನ ಅಗಲವನ್ನು ಅದರ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಒಂದು ಅಂಕಿ ಸಿಗುತ್ತದೆ. ಆ ಅಂಕಿ ಹೆಚ್ಚಾದಷ್ಟೂ ಜಾತಿಯ ಸ್ಥಾನ ಕೆಳಗೆ ಎಂದು ಅವನ ಅಂಬೋಣ. ಅಂದರೆ ಜಾತಿ ಎಂಬುದು ಮುಖದ ಮೇಲೆಯೇ ಬರೆದಿದೆ, ಅಳೆಯುವ ಕಡ್ಡಿಯೊಂದಿದ್ದರೆ ಸಾಕು.

ಅಂಬೇಡ್ಕರ್ ಇದಕ್ಕೆ ಕೊಟ್ಟ ಉತ್ತರವನ್ನು ನಮ್ಮ ಸಾಹಿತ್ಯ ವಿಮರ್ಶೆ ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ. 1948ರ 'ಅಸ್ಪೃಶ್ಯರು' ಪುಸ್ತಕದಲ್ಲಿ ಅವರು ಮೂಗಿನ ಅಳತೆಗಳನ್ನು ಮೂಲೆಗೆ ಎಸೆಯಲಿಲ್ಲ. ಅವೇ ಅಂಕಿಗಳನ್ನು ಎದುರಿಗಿಟ್ಟುಕೊಂಡು, ಒಂದೊಂದು ಪ್ರಾಂತ್ಯದ ಬ್ರಾಹ್ಮಣ ಮತ್ತು ಅಸ್ಪೃಶ್ಯರನ್ನು ಹೋಲಿಸಿ, ಇವರಿಬ್ಬರೂ ಬೇರೆ ಬೇರೆ ಜನಾಂಗ ಎಂಬ ಮಾತು ನಿಲ್ಲುವುದಿಲ್ಲ ಎಂದು ತೋರಿಸಿದರು. ವೈರಿಯ ಅಳತೆಗೋಲಿನಿಂದಲೇ ವೈರಿಯ ಲೆಕ್ಕ ತಪ್ಪು ಎಂದು ಸಾಧಿಸುವ ಕ್ರಮ ಇದು. ಅಸ್ಪೃಶ್ಯತೆ ಮೈಯಲ್ಲಿಲ್ಲ, ನೋಡುವವನ ಕಣ್ಣಿನಲ್ಲಿ ಮತ್ತು ಅವನ ಲಾಭದಲ್ಲಿದೆ.

ಈಗ ಮೊಬೈಲಿನ ಕ್ಯಾಮೆರಾ ತೆರೆಯಿರಿ. 'ಬ್ಯೂಟಿ' ಎಂಬ ಫಿಲ್ಟರು ಹಾಕಿದ ಕೂಡಲೇ ಏನಾಗುತ್ತದೆ? ಮೂಗು ಸಣ್ಣಗಾಗುತ್ತದೆ. ಚರ್ಮ ಒಂದೆರಡು ಬಣ್ಣ ಬೆಳ್ಳಗಾಗುತ್ತದೆ. ದವಡೆ ಚೂಪಾಗುತ್ತದೆ. ರಿಸ್ಲಿ ಯಾವ ದಿಕ್ಕನ್ನು 'ಮೇಲು' ಎಂದನೋ ಅದೇ ದಿಕ್ಕಿಗೆ ಯಂತ್ರ ಮುಖವನ್ನು ತಳ್ಳುತ್ತದೆ. ಥರ್ಸ್‌ಟನ್ ಅಳೆಯಲು ತಾನೇ ನಡೆದು ಬರಬೇಕಿತ್ತು. ಈಗ ನಾವು ದುಡ್ಡು ಕೊಟ್ಟು ತಂದ ಯಂತ್ರ ನಮ್ಮ ಕೈಯಲ್ಲೇ ಕೂತು ಅಳೆಯುತ್ತದೆ, ಅಳೆದದ್ದನ್ನು ತಿದ್ದಿಯೂ ಕೊಡುತ್ತದೆ. ತಿದ್ದಿದ ಮುಖಕ್ಕೆ ಲೈಕು ಬರುತ್ತದೆ. ಫಿಲ್ಟರು ತೆಗೆದ ಮೇಲೆ ಉಳಿಯುವ ಮುಖ ಹುಡುಗಿಗೆ ತನ್ನದೇ ಮುಖದ ಕಳಪೆ ಪ್ರತಿಯಂತೆ ಕಾಣುತ್ತದೆ. ಹಾನಿ ಎಂದರೆ ಇದೇ. ಇದಕ್ಕೆ ಒಂದು ಬೈಗುಳದ ಕಮೆಂಟೂ ಬೇಕಾಗಿಲ್ಲ.

ನಮ್ಮಲ್ಲಿ ಬೆಳ್ಳಗಿರುವವರೂ ಇದ್ದಾರೆ. ಅವರಿಗೆ ಸಿಗುವ ಹೊಗಳಿಕೆ ಇನ್ನೊಂದು ಬಗೆಯದು: "ನಿನ್ನನ್ನು ನೋಡಿದರೆ ಎಸ್ಸಿ ಅಂತ ಗೊತ್ತೇ ಆಗುದಿಲ್ಲ." ಈ ಮಾತು ಹೇಳಿದವರು ಪ್ರೀತಿಯಿಂದಲೇ ಹೇಳಿರುತ್ತಾರೆ ಮಾರಾಯ್ರೆ! ರಿಸ್ಲಿ ಸತ್ತು ನೂರು ವರ್ಷ ದಾಟಿದರೂ ಅವನ ಕಡ್ಡಿ ಇಂಥ ಪ್ರೀತಿಯಲ್ಲಿ ಜೀವಂತ ಇದೆ.

3

ನಮ್ಮ ಜಿಲ್ಲೆಯಲ್ಲಿ ಈ ನೋಟ ಬರಿಯ ಅಳತೆಯಲ್ಲಿ ನಿಂತಿರಲಿಲ್ಲ, ಆಚರಣೆಯಾಗಿತ್ತು. ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ಉಣ್ಣಿಸುವುದು, ಕಂಬಳಕ್ಕೆ ಮುಂಚೆ ಅವರನ್ನು ಕೋಣಗಳ ಹಾಗೆ ಓಡಿಸುವುದು ಇವೆಲ್ಲ 'ಅಜಲು' ಎಂಬ ಹೆಸರಿನಲ್ಲಿ ನಡೆದವು. ಇವನ್ನು ಒಂದೊಂದಾಗಿ ಹೆಸರಿಸಿ ನಿಷೇಧಿಸಲು 2000ದಲ್ಲಿ ಕರ್ನಾಟಕ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಸ್ವಾತಂತ್ರ್ಯ ಬಂದು ಐವತ್ತು ವರ್ಷ ದಾಟಿದ ಮೇಲಿನ ಮಾತಿದು.

ಅಜಲಿನ ಜತೆಗೇ ಇದ್ದದ್ದು 'ಕೊರಗ ವೇಷ'. ಅಷ್ಟಮಿಗೆ, ನವರಾತ್ರಿಗೆ ಮೈಗೆಲ್ಲ ಮಸಿ ಬಳಿದುಕೊಂಡು, ತಲೆಗೆ ಹಾಳೆಯ ಟೊಪ್ಪಿ ಇಟ್ಟುಕೊಂಡು, ಕುಣಿದು ದುಡ್ಡು ಎತ್ತುವುದು. ನೋಡಿದವರು ನಕ್ಕರು. ನಗುವುದಕ್ಕೆ ಅಲ್ಲಿ ಬೇರೆ ಪ್ರಸಂಗ, ಮಾತುಗಾರಿಕೆ ಯಾವುದೂ ಬೇಕಾಗಿರಲಿಲ್ಲ. ಕಪ್ಪು ಮೈ ಒಂದೇ ಸಾಕಿತ್ತು. ಕೊರಗ ಸಂಘಟನೆಗಳು ವಿರೋಧಿಸಿದ ಮೇಲೆ ಜಿಲ್ಲಾಡಳಿತ ಇದನ್ನು ನಿಷೇಧಿಸಿತು. ಆದರೆ ಇವತ್ತಿನ ಕಾಮಿಡಿ ರೀಲ್ಸುಗಳನ್ನು ನೋಡಿ. ಮುಖಕ್ಕೆ ಕಪ್ಪು ಬಳಿದುಕೊಂಡ ಹುಡುಗ ವಧುವಾಗಿ ಬರುತ್ತಾನೆ, ವರ ಬೆಚ್ಚಿ ಓಡುತ್ತಾನೆ. ಅಥವಾ ಕೆಲಸದಾಳಾಗಿ ಬರುತ್ತಾನೆ, ಯಜಮಾನ ಗದರುತ್ತಾನೆ. ಹಿನ್ನೆಲೆಯಲ್ಲಿ ಮೊದಲೇ ರೆಕಾರ್ಡ್ ಮಾಡಿಟ್ಟ ನಗು. ಬೀದಿಯಲ್ಲಿ ನಿಷೇಧವಾದ ವೇಷಕ್ಕೆ ಮೊಬೈಲಿನಲ್ಲಿ ಲೈಸೆನ್ಸು ಸಿಕ್ಕಿದೆ.

2022ರ ಜನವರಿಯಲ್ಲಿ ಬಂಟ್ವಾಳ ತಾಲೂಕಿನ ಸಾಲೆತ್ತೂರಿನಲ್ಲಿ ನಡೆದದ್ದನ್ನು ಈ ಬೆಳಕಿನಲ್ಲಿ ಓದಬೇಕು. ಮದುವೆಯ ರಾತ್ರಿ ವರನೊಬ್ಬ ಮುಖಕ್ಕೆ ಕಪ್ಪು ಬಳಿದುಕೊಂಡು, ಹಾಳೆಯ ಟೊಪ್ಪಿ ಇಟ್ಟು, ಕೊರಗಜ್ಜನನ್ನು ಹೋಲುವ ವೇಷದಲ್ಲಿ ಕುಣಿದ. ವೀಡಿಯೊ ಕ್ಷಣದಲ್ಲಿ ಊರೆಲ್ಲ ಹರಿಯಿತು. ವಿಟ್ಲ ಠಾಣೆಯಲ್ಲಿ ಕೇಸಾಯಿತು. ವರ ಮುಸ್ಲಿಂ ಆಗಿದ್ದರಿಂದ ಗದ್ದಲ ಹಿಂದೂ ದೈವಕ್ಕೆ ಅವಮಾನ, ಎರಡು ಧರ್ಮಗಳ ಜಗಳ ಎಂಬ ನೆಲೆಯಲ್ಲೇ ಬೆಳೆಯಿತು. ಆ ಕುಣಿತವನ್ನು ಸಮರ್ಥಿಸುವ ಪ್ರಶ್ನೆಯೇ ಇಲ್ಲ. ಕೇಳಬೇಕಾದದ್ದು ಬೇರೆ: ಅದೇ ಮಸಿ, ಅದೇ ಹಾಳೆಟೊಪ್ಪಿ ಇಷ್ಟು ವರ್ಷ ಹಬ್ಬದ ಮೆರವಣಿಗೆಯಲ್ಲಿ ಕುಣಿದಾಗ ಈ ಸಿಟ್ಟು ಎಲ್ಲಿತ್ತು? ದೈವದ ಅವಮಾನ ಕಾಣುವ ಕಣ್ಣಿಗೆ ಮನುಷ್ಯನ ಅವಮಾನ ಯಾಕೆ ಕಾಣುವುದಿಲ್ಲ? ಕೊರಗಜ್ಜನ ಚಿತ್ರ ಇವತ್ತು ಕಾರುಗಳ ಹಿಂದಿನ ಗಾಜಿನ ಮೇಲೆ, ಅಂಗಡಿಯ ಗಲ್ಲೆಯ ಮೇಲೆ ಇದೆ. ಕಪ್ಪು ಮೈ ದೈವವಾದರೆ ಕೈಮುಗಿತ, ವೇಷವಾದರೆ ನಗೆ, ಕ್ಲಾಸಿನಲ್ಲಿ ಪಕ್ಕದ ಬೆಂಚಿನ ಹುಡುಗನಾದರೆ ಅಡ್ಡಹೆಸರು. ಬೆಳ್ತಂಗಡಿಯ ಒಬ್ಬ ಕೊರಗ ಹುಡುಗ ಈ ಮೂರನ್ನೂ ಒಂದೇ ಫೋನಿನಲ್ಲಿ, ಬೆರಳು ಒಂದು ಸಲ ಸರಿಸುವಷ್ಟರಲ್ಲಿ ನೋಡುತ್ತಾನೆ. ಅವನು ತನ್ನ ಮೈಯ ಬಗ್ಗೆ ಏನೆಂದು ತಿಳಿಯಬೇಕು?

4

ನೋಟದ ಹಿಂದೆ ದುಡ್ಡು ಉಂಟು. 'ಫೇರ್ ಅಂಡ್ ಲವ್ಲಿ' ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಕಪ್ಪು ಚರ್ಮದವರನ್ನು ಸೋತವರಂತೆ ತೋರಿಸಬಾರದು ಎಂದು ಜಾಹೀರಾತು ಮಂಡಳಿ 2014ರಲ್ಲಿ ಸೂಚನೆ ಹೊರಡಿಸಿತು. 2020ರಲ್ಲಿ ಆ ಕ್ರೀಮಿನ ಹೆಸರಿನ 'ಫೇರ್' ಹೋಗಿ 'ಗ್ಲೋ' ಬಂತು. ಹೆಸರು ಬದಲಾಯಿತು, ಆಸೆ ಬದಲಾಗಲಿಲ್ಲ. ಈಗ ಜಾಹೀರಾತಿನ ಕೆಲಸವನ್ನು ಜಾಹೀರಾತಿನಂತೆ ಕಾಣದ ರೀಲ್ಸು ಮಾಡುತ್ತದೆ. ನಿಮ್ಮದೇ ಪ್ರಾಯದ, ನಿಮ್ಮದೇ ಭಾಷೆಯ ಅಕ್ಕ ಒಬ್ಬಳು 'ಮೊದಲು ಹೀಗಿದ್ದೆ, ಈಗ ಹೀಗಾದೆ' ಎಂದು ಎರಡು ಫೋಟೊ ತೋರಿಸುತ್ತಾಳೆ. ಎರಡರ ನಡುವೆ ಇರುವುದು ಬೆಳಕಿನ ಹೆಚ್ಚುಕಮ್ಮಿಯೋ ಕ್ರೀಮೋ ಎಂದು ಹೇಳುವವರಿಲ್ಲ.

ಇದರ ಬೆಲೆ ಮನಸ್ಸಿನಲ್ಲಿ ಮಾತ್ರ ತೆರುವಂಥದ್ದಲ್ಲ. ಕಾಸರಗೋಡು ದಾಟಿ ತೆಂಕಕ್ಕೆ ಹೋದರೆ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್. ಅಲ್ಲಿಯ ಕಿಡ್ನಿ ವೈದ್ಯರು 2021ರಿಂದ 2023ರವರೆಗೆ ನೋಡಿದ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ರೋಗಿಗಳಲ್ಲಿ 15 ಮಂದಿಯದು ಅಪರೂಪದ ಬಗೆ ಎಂದು ಗೊತ್ತಾಯಿತು. ಆ 15ರಲ್ಲಿ 13 ಮಂದಿ ಬಿಳಿಯಾಗುವ ಕ್ರೀಮು ಹಚ್ಚುತ್ತಿದ್ದವರು. ಇಂಥ ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಅದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹುಟ್ಟದಂತೆ ತಡೆಯುತ್ತದೆ. ಚರ್ಮದ ಮೂಲಕ ರಕ್ತಕ್ಕೆ ಇಳಿದು ಕಿಡ್ನಿಗೆ ಹೋಗಿ ಕೂರುತ್ತದೆ. ಇನ್ನೊಂದು ಬಗೆ ಸ್ಟೀರಾಯ್ಡ್ ಮುಲಾಮಿನದು. ಹಚ್ಚಿದ ಮೊದಲ ವಾರಗಳಲ್ಲಿ ಮುಖ ಬೆಳ್ಳಗೆ, ನಯವಾಗಿ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಎದ್ದು, ಬಿಟ್ಟರೆ ಉರಿ ತಡೆಯಲಾಗದೆ ಮತ್ತೆ ಅದನ್ನೇ ಹಚ್ಚಬೇಕಾಗುತ್ತದೆ. 2018ರಲ್ಲಿ ಕೇಂದ್ರ ಸರಕಾರ 14 ಬಗೆಯ ಇಂಥ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಹೆಸರು ಹೇಳಿದರೆ ಸಾಕು ಎಂಬ ಸ್ಥಿತಿ ಎಷ್ಟು ಬದಲಾಗಿದೆ ಎಂದು ಓದುಗರೇ ತಮ್ಮ ಪೇಟೆಯಲ್ಲಿ ವಿಚಾರಿಸಿ ನೋಡಲಿ.

ಇದು ಹುಡುಗಿಯರ ಸಂಗತಿ ಮಾತ್ರ ಎಂದು ತಿಳಿಯಬೇಡಿ. ಹುಡುಗರ ಫೋನಿನಲ್ಲಿ ಜಿಮ್ಮು, ಪ್ರೊಟೀನ್ ಪುಡಿ, ಆರು ಗಂಟಿನ ಹೊಟ್ಟೆ. ನಮ್ಮ ಕಡೆ ಗಂಡುಮೈಯ ಆದರ್ಶ ಕಲ್ಲಿನಲ್ಲೇ ನಿಂತಿದೆ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರ ಬಾಹುಬಲಿ, 35 ಅಡಿ. ಆದರೆ ಆ ಮೈ ತನ್ನನ್ನು ತಾನು ನೋಡಿಕೊಳ್ಳುವುದಿಲ್ಲ. ಗೆದ್ದದ್ದನ್ನು ಬಿಟ್ಟುಕೊಟ್ಟು ನಿಂತ ಮೈ, ಬಳ್ಳಿ ಹಬ್ಬಿದರೂ ತಿಳಿಯದ ಮೈ. ರೀಲ್ಸಿನ ಮೈ ಕನ್ನಡಿ ಬಿಟ್ಟು ಬದುಕಲಾರದು. 2020ರ ಫೆಬ್ರವರಿಯಲ್ಲಿ ಇನ್ನೊಂದು ಮೈ ದೇಶಕ್ಕೆಲ್ಲ ಕಂಡಿತು. ಮೂಡಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಉಸೇನ್ ಬೋಲ್ಟ್‌ಗೆ ಹೋಲಿಸಿ ಫೋಟೊಗಳು ಹರಿದಾಡಿದವು. ಕಟ್ಟಡದ ಕೆಲಸ ಮಾಡುತ್ತಿದ್ದವರ ದುಡಿದು ಗಟ್ಟಿಯಾದ ಕಪ್ಪು ಮೈಯನ್ನು ಜನ ಮೆಚ್ಚಿಕೊಂಡರು, ಸಂತೋಷವೇ. ಆದರೆ ಇಂಥದೇ ಕಂಬಳದ ಗದ್ದೆಗಳಲ್ಲಿ ಹಿಂದೆ ಕೊರಗರನ್ನು ಓಡಿಸಿದರು. ಆ ಓಟಕ್ಕೆ ಯಾರೂ ಗಡಿಯಾರ ಹಿಡಿಯಲಿಲ್ಲ. ಯಾವ ಮೈಯ ಓಟ ದಾಖಲೆ, ಯಾವ ಮೈಯ ಓಟ ಅಜಲು ಎಂಬುದನ್ನು ಕಾಲಿನ ವೇಗ ತೀರ್ಮಾನಿಸುವುದಿಲ್ಲ.

5

ಇನ್ನು ನಮ್ಮೊಳಗಿನ ಮಾತು. ದಲಿತ ಬಂಡಾಯ ಸಾಹಿತ್ಯ ಕಪ್ಪನ್ನು ಹೆಮ್ಮೆಯ ಬಣ್ಣ ಮಾಡಿತು. 1973ರ ಬೂಸಾ ಗಲಾಟೆಯ ನಂತರ ಬಂದ ಕಾವ್ಯದಲ್ಲಿ ಬೆವರು, ಮಣ್ಣು, ಕಪ್ಪು ತೊಗಲು ಇವೆಲ್ಲ ಹೋರಾಟದ ಬಾವುಟಗಳಾದವು. ಅದು ಆಗಬೇಕಾದ ಕೆಲಸ. ಆದರೆ ಅದರಲ್ಲಿ ಒಂದು ತೊಡಕು ಉಂಟು. ಬಾವುಟಕ್ಕೆ ಮುಖ ಇರುವುದಿಲ್ಲ. ಆ ಕಾವ್ಯದ ಹೆಂಗಸು ಹೆಚ್ಚಾಗಿ ಹಸಿದ ತಾಯಿ, ಇಲ್ಲವೇ ಅತ್ಯಾಚಾರಕ್ಕೆ ಒಳಗಾದ ತಂಗಿ. ಕನ್ನಡಿಯ ಮುಂದೆ ನಿಂತು ತನ್ನನ್ನು ತಾನು ಇಷ್ಟಪಡುವ ಹದಿನೇಳರ ಹುಡುಗಿಗೆ ಅಲ್ಲಿ ಜಾಗ ಕಡಿಮೆ. ಈಗಲೂ ಲಿಪ್‌ಸ್ಟಿಕ್ ಹಾಕಿ ಸಭೆಗೆ ಬಂದ ಹುಡುಗಿಯನ್ನು ನೋಡಿ 'ಇವಳಿಗೆ ಪ್ರಜ್ಞೆ ಬಂದಿಲ್ಲ' ಎನ್ನುವ ಹಿರಿಯರು ನಮ್ಮ ಸಂಘಟನೆಗಳಲ್ಲಿದ್ದಾರೆ. 'ಕಪ್ಪೇ ಚೆಂದ' ಎಂಬ ಘೋಷಣೆ ಅವಳನ್ನು ಇನ್ನೊಂದು ಅಳತೆಗೆ ನಿಲ್ಲಿಸುತ್ತದೆ, ಅಷ್ಟೆ.

ಅಂಬೇಡ್ಕರ್ ಹೀಗೆ ಯೋಚಿಸಲಿಲ್ಲ. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಹೆಂಗಸರನ್ನು ಬೇರೆಯಾಗಿ ಉದ್ದೇಶಿಸಿ ಮಾತಾಡಿದಾಗ, ಸೀರೆಯನ್ನು ಮೇಲ್ಜಾತಿಯ ಹೆಂಗಸರು ಉಡುವ ಹಾಗೆಯೇ ಉಡಿ, ಅಸ್ಪೃಶ್ಯರೆಂದು ಗುರುತಿಸಲು ನೆರವಾಗುವ ಭಾರದ ಒಡವೆಗಳನ್ನು ತೆಗೆಯಿರಿ ಎಂದು ಹೇಳಿದರು. ಚೆಂದ ಕಾಣುವ ಆಸೆಯನ್ನು ಅವರು ಹೀಗಳೆಯಲಿಲ್ಲ. ಅದನ್ನು ಹಕ್ಕಾಗಿ ಕೊಟ್ಟರು. ಮೈಯ ಮೇಲೆ ಬೇರೆಯವರು ಒತ್ತಿದ ಮುದ್ರೆಯನ್ನು ಕಳಚುವುದು ಅಲ್ಲಿ ಮುಖ್ಯ. 2017ರಲ್ಲಿ ಗುಜರಾತಿನ ಲಿಂಬೋದರಾದಲ್ಲಿ ಮೀಸೆ ಬಿಟ್ಟದ್ದಕ್ಕೆ ದಲಿತ ಯುವಕರಿಗೆ ಹೊಡೆದಾಗ, ನೂರಾರು ದಲಿತ ಹುಡುಗರು ತಮ್ಮ ವಾಟ್ಸಾಪ್ ಚಿತ್ರಕ್ಕೆ ಮೀಸೆ ಹಾಕಿಕೊಂಡರು. ಹಾನಿ ಮಾಡಿದ ಅದೇ ಜಾಲದಲ್ಲಿ ಮೈಯ ಮಾನವನ್ನೂ ಎತ್ತಿ ಹಿಡಿಯಲಾಯಿತು. ಬರಿಯ ನಿಷೇಧ ಸಾಲದು ಎನ್ನಲು ಇದು ಕಾರಣ. ಬಾಗಿಲು ಹಾಕಿದರೆ ಮೀಸೆಯೂ ಹೊರಗೆ ಉಳಿಯುತ್ತದೆ.

ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಹಸಿದ ಮನೆಯ ಗೋಡೆಯ ಮೇಲೆ ಒಂದು ನವಿಲು ಮೂಡುತ್ತದೆ. ಹಸಿವೆಯ ಕತೆಗೆ ನವಿಲು ಯಾಕೆ ಎಂದು ಕೇಳುವವನಿಗೆ ಆ ಮನೆಯೇ ಅರ್ಥವಾಗಿಲ್ಲ. ತುಳುವಿನಲ್ಲಿ 'ಪೊರ್ಲು' ಎಂಬ ಮಾತು ಮುಖಕ್ಕಷ್ಟೇ ಸಲ್ಲುವುದಿಲ್ಲ. ಆಟ, ಕೆಲಸ, ಮಾತು ಯಾವುದೂ ಪೊರ್ಲಾಗಬಹುದು. ಚೆಂದವನ್ನು ಮುಖದ ಅಳತೆಯಿಂದ ಬಿಡಿಸಿ ಬದುಕಿನ ಅಗಲಕ್ಕೆ ಹರಡುವ ಈ ತಿಳಿವು ನಮ್ಮ ನುಡಿಯಲ್ಲೇ ಇದೆ.

6

ಹಾಗಾದರೆ ಮಾಡುವುದೇನು? ಕೆಲವು ಮಾತು ನೇರವಾಗಿ ಹೇಳುತ್ತೇನೆ.

ಮೊದಲನೆಯದು ಓದು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಲ್ಲಿ ಕತೆ, ಕವಿತೆ ಚರ್ಚಿಸುವ ಹಾಗೆ ರೀಲ್ಸನ್ನೂ ಕೂತು ಚರ್ಚಿಸಬೇಕು. ಬುದ್ಧಿವಾದ ಹೇಳಲು ಹೋಗಬೇಡಿ, ಮಕ್ಕಳು ಎದ್ದು ಹೋಗುತ್ತಾರೆ. ಒಂದು ರೀಲ್ಸು ಹಾಕಿ ಕೇಳಿ: ಇಲ್ಲಿ ನಗುವವರು ಯಾರು, ಯಾರ ಮೈಗೆ ನಗುತ್ತಾರೆ, ಇದರಿಂದ ಯಾರಿಗೆ ದುಡ್ಡು? ಒಂದೇ ಮುಖವನ್ನು ಫಿಲ್ಟರು ಹಾಕಿ, ತೆಗೆದು ತೋರಿಸಿ, ಯಂತ್ರ ಏನೇನು ತಿದ್ದಿತು ಎಂದು ಅವರೇ ಪಟ್ಟಿ ಮಾಡಲಿ. ಆಮೇಲೆ ರಿಸ್ಲಿಯ ಕತೆ ಹೇಳಿ. ಉಳಿದದ್ದು ಅವರಿಗೇ ಹೊಳೆಯುತ್ತದೆ.

ಎರಡನೆಯದು ಶಾಲೆ ಮತ್ತು ಮನೆ. ವಾರ್ಷಿಕೋತ್ಸವದ ಡ್ಯಾನ್ಸಿನಲ್ಲಿ ಬೆಳ್ಳಗಿನ ಮಕ್ಕಳು ಮುಂದಿನ ಸಾಲು, ಕಪ್ಪಗಿನವರು ಹಿಂದಿನ ಸಾಲು. ರಾಜಕುಮಾರಿ ಅವಳು, ಸೇವಕಿ ಇವಳು. ಪಾತ್ರ ಹಂಚುವ ಟೀಚರಿಗೆ ಇದು ಜಾತಿ ಎಂದು ಅನಿಸುವುದೇ ಇಲ್ಲ. ಮನೆಯಲ್ಲಿ "ಬಿಸಿಲಿಗೆ ಹೋಗ್ಬೇಡ, ಕಪ್ಪಾಗ್ತಿ" ಎನ್ನುವ ಅಜ್ಜಿಗೂ ಅನಿಸುವುದಿಲ್ಲ. ಮೊಬೈಲನ್ನು ಕಸಿದುಕೊಂಡ ಕೈ ಮೊದಲು ಈ ಮಾತನ್ನು ನಿಲ್ಲಿಸಲಿ.

ಮೂರನೆಯದು ಕಾನೂನು. 1989ರ ದೌರ್ಜನ್ಯ ತಡೆ ಕಾಯ್ದೆ ಸಾರ್ವಜನಿಕರ ಕಣ್ಣೆದುರು ಜಾತಿ ಹಿಡಿದು ಅವಮಾನಿಸುವುದನ್ನು ಅಪರಾಧ ಎನ್ನುತ್ತದೆ. ಅಂತರ್ಜಾಲದಲ್ಲಿ ಹಾಕಿದ ಮಾತಿಗೂ ಇದು ಅನ್ವಯಿಸುತ್ತದೆ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ನಮ್ಮ ಸಂಘಟನೆಗಳ ಕಾರ್ಯಕರ್ತರು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುವುದನ್ನು, ದೂರು ಬರೆಯುವುದನ್ನು ಮಕ್ಕಳಿಗೆ ಕಲಿಸಬೇಕು. ಕಂಪೆನಿಗಳ ಮೇಲೆ ಕಟ್ಟಳೆಯೂ ಬೇಕು. ಆದರೆ ಆ ಕಟ್ಟಳೆ ಬರೆಯುವವರು ಯಾವ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾರೆ ಎಂದು ನಾವು ಕೇಳುತ್ತಲೇ ಇರಬೇಕು. ಒಂದೇ ಫೋನಿನ ಮನೆಯ ಮಗು ಅದರೊಳಗೆ ಇಲ್ಲದಿದ್ದರೆ ಅದು ಅರ್ಧ ಕಟ್ಟಳೆ.

ವಿಮರ್ಶೆ ಇಷ್ಟು ಕಾಲ ಪುಸ್ತಕದ ಕಪಾಟಿನ ಸುತ್ತ ಸುತ್ತಿತು. ನಮ್ಮ ಮಕ್ಕಳು ದಿನಕ್ಕೆ ಗಂಟೆಗಟ್ಟಲೆ ಓದುತ್ತಿರುವ ಪಠ್ಯ ಈಗ ಅವರ ಅಂಗೈಯಲ್ಲಿದೆ, ಅದು ಅವರ ಮುಖವನ್ನೇ ತಿದ್ದುತ್ತಿದೆ. ಅದನ್ನು ಓದಿ ತೋರಿಸುವ ಕೆಲಸವನ್ನು ದಲಿತ ವಿಮರ್ಶೆ ಕೈಗೆತ್ತಿಕೊಳ್ಳದಿದ್ದರೆ ಇನ್ನು ಯಾರು ಮಾಡುತ್ತಾರೆ?